ಸಮುದ್ರ ಕಾಣುವ ಕೋಣೆ

ಶ್ಯಾಂಟಿಲಿ, ವರ್ಜೀನಿಯಾ
ಅಕ್ಟೋಬರ್ 18, 2005, ಮಂಗಳವಾರ

ಪ್ರೀತಿಯ ರಾಜಿ ಅಕ್ಕನಿಗೆ ಶ್ರದ್ಧಾಳ ನಮಸ್ಕಾರ.

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಲಾಂಡ್ರಿ ಬುಟ್ಟಿಯನ್ನು ಒಬ್ಬಳೇ ಎತ್ತಬೇಡ ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ಚಿರಾಗ್‌ಗೆ ಮುಂದಿನ ಹಲ್ಲು ಬಂತೇ? ಹೋದ ಸಲ ಫೋನಿನಲ್ಲಿ 'ಚಿಕ್ಕಮ್ಮ, ಐ ಕಾಂಟ್ ಈಟ್ ಚಕ್ಕುಲಿ' ಎಂದು ರಾಗ ಎಳೆದಿದ್ದ. ಭಾವನವರ ಬಿಪಿ ಮಾತ್ರೆ ತಪ್ಪದಂತೆ ನೋಡಿಕೋ. ಭಾನುವಾರದಿಂದ ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಇಮೇಲ್ ಹಾಕೋಣವೆಂದರೆ ನಿಮ್ಮಿಬ್ಬರದೂ ಒಂದೇ ಐಡಿ, ಭಾವನವರೇ ಮೊದಲು ಓದುತ್ತಾರೆ. ಅದಕ್ಕೆ ಹರ್ಷಾನ ಆಫೀಸಿನ ಹಳದಿ ಪ್ಯಾಡ್ ಹಿಡಿದು ಕೂತಿದ್ದೇನೆ. ಕನ್ನಡದಲ್ಲಿ ಇಷ್ಟುದ್ದ ಬರೆದು ಯಾವ ಕಾಲವಾಯಿತೋ, ಒತ್ತಕ್ಷರ ತಪ್ಪಿದರೆ ನಕ್ಕು ಸುಮ್ಮನಾಗು.

ಮುಖ್ಯ ಸಮಾಚಾರವೆಂದರೆ ನಮ್ಮ ಕೆರಿಬಿಯನ್ ಪ್ರವಾಸ ನಿಂತುಹೋಯಿತು. ಒಂದು ತಿಂಗಳಿಂದ ನಿನ್ನ ತಲೆ ತಿಂದಿದ್ದೆನಲ್ಲ, ದ್ವೀಪ, ಬಿಳಿ ಮರಳು, ಸಮುದ್ರ ಕಾಣುವ ಕೋಣೆ ಎಂದು, ಅದೇ. ಶ್ರೀಲತಾಳ ಬಗ್ಗೆಯೂ ಅಷ್ಟಿಷ್ಟು ಹೇಳಿದ್ದೆ. ನೀನು 'ಒಳ್ಳೇದಾಯ್ತು ಬಿಡೆ, ಜೊತೆಗೊಬ್ಬರು ಸಿಕ್ಕಿದ್ರಲ್ಲ' ಅಂದಿದ್ದೆ. ಇವತ್ತು ಮೊದಲಿನಿಂದ ಹೇಳುತ್ತೇನೆ, ಹೇಳದಿದ್ದರೆ ನನ್ನ ಕೋಪ ಇಳಿಯುವುದಿಲ್ಲ.

ನಾನು ದಿನಾ ಹನ್ನೊಂದು ಗಂಟೆಗೆ ಲೈಬ್ರರಿಗೆ ನಡೆದು ಹೋಗುವುದು ನಿನಗೆ ಗೊತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬರುವುದಿಲ್ಲ, ಇನ್ನೆಲ್ಲಿಗೆ ಹೋಗಲಿ? ಆಗಸ್ಟ್ ಕೊನೆಯ ವಾರ ಅಲ್ಲಿ ಒಬ್ಬಳು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು 'ನೀವು ಕನ್ನಡದವರಾ?' ಅಂದಳು. ನಾನು ಬಾಯಿಯನ್ನೇ ತೆರೆದಿರಲಿಲ್ಲ. ಹೇಗೆ ಗೊತ್ತಾಯಿತು ಎಂದರೆ 'ಮುಖ ನೋಡಿದ್ರೆ ಗೊತ್ತಾಗಲ್ವಾ' ಎಂದು ನಕ್ಕಳು. ಅವಳೇ ಶ್ರೀಲತಾ. ಆ ದಿನ ಮನೆಗೆ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡೆ ಅಕ್ಕಾ, ಅದರಲ್ಲಿ ಕನ್ನಡ ಎಲ್ಲಿದೆ ಎಂದು. ಪೆದ್ದಿ ನಾನು. ಮುಂದಿನ ವಾರ ಮನೆಗೇ ಬಂದಳು, ಡಬ್ಬಿಯಲ್ಲಿ ಕೊಬ್ಬರಿ ಹಾಕದ ತಂಬಿಟ್ಟು ತಂದಿದ್ದಳು. ನನಗೆ ಕೊಬ್ಬರಿ ಸೇರುವುದಿಲ್ಲ ಎಂದು ನಾನೇನೂ ಹೇಳಿರಲಿಲ್ಲ. ಅವರ ಮನೆಯಲ್ಲೂ ಹಾಗೇ ಮಾಡುತ್ತಾರೇನೋ ಅಂದುಕೊಂಡೆ. ಕಾಫಿ ಕುಡಿಯುತ್ತಾ ನನ್ನ ಕೈ ಹಿಡಿದುಕೊಂಡು 'ಈ ವರ್ಷ ನಿಂಗೆ ತುಂಬಾ ಕಷ್ಟ ಆಯ್ತು ಅಲ್ವಾ' ಅಂದಳು. ಮಾರ್ಚ್‌ನಲ್ಲಿ ಮಗು ಹೊಟ್ಟೆಯಲ್ಲಿ ನಿಲ್ಲದೆ ಹೋದದ್ದು ಹರ್ಷಾನಿಗೂ ನಿನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅಮ್ಮನಿಗೂ ಹೇಳಿಲ್ಲ. ಅವಳಿಗೂ ಹೇಳಲಿಲ್ಲ. ಸುಮ್ಮನೆ ಅತ್ತೆ. ಅವಳು ಏನೂ ಕೇಳದೆ ಬೆನ್ನು ಸವರಿದಳು. ಕೇಳಲಿಲ್ಲವಲ್ಲ, ಎಷ್ಟು ದೊಡ್ಡ ಮನಸ್ಸು ಎಂದು ನಾನು ಅವಳಿಗೆ ಮನಸೋತೆ.

ಸಮುದ್ರದ ಮಾತು ತೆಗೆದವಳೂ ಅವಳೇ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಿಂದ ಮಲ್ಪೆಗೆ ಕರೆದುಕೊಂಡು ಹೋದರಲ್ಲ, ಹಿಂದಿನ ದಿನವೇ ನನ್ನ ಮೈಮೇಲೆ ಅಮ್ಮ ಎದ್ದು, ನೀನೊಬ್ಬಳೇ ಹೋಗಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಮುದ್ರದ ನೀರು ತಂದಿದ್ದೆ. ಅದರಲ್ಲಿ ನಾನು ದಿನಕ್ಕೊಂದು ಸಲ ಬೆರಳು ಅದ್ದುತ್ತಿದ್ದೆ, ವಾಸನೆ ಬಂತೆಂದು ಅಮ್ಮ ಚೆಲ್ಲುವವರೆಗೆ. ಇಲ್ಲಿಂದ ಮೂರು ಗಂಟೆ ಡ್ರೈವ್ ಮಾಡಿದರೆ ಸಮುದ್ರವಂತೆ, ಆದರೆ ಹರ್ಷಾನ ಶನಿವಾರಗಳೆಲ್ಲ ಆಫೀಸಿನ ಪಾಲು. ಹಾಗಿರುವಾಗ ಶ್ರೀಲತಾ 'ಫೆಬ್ರವರಿಯಲ್ಲಿ ನಾವು ನಾಲ್ಕು ಜನ ಕೆರಿಬಿಯನ್‌ಗೆ ಹೋಗೋಣ ಕಣೆ, ನಾಲ್ಕು ರಾತ್ರಿ, ಬೀಚ್ ಮೇಲೇ ರೆಸಾರ್ಟು' ಎಂದು ಬಣ್ಣದ ಪುಸ್ತಕ ಮುಂದಿಟ್ಟರೆ ನಾನು ಬೇಡ ಎನ್ನುತ್ತೇನೆಯೇ? ಮಂಚದ ಸುತ್ತ ಬಿಳಿ ಪರದೆ, ಎದುರಿಗೆ ಬಾಗಿಲು, ಬಾಗಿಲಾಚೆ ನೀರು. ಆ ಪುಟವನ್ನು ಹರಿದು ಫ್ರಿಜ್‌ಗೆ ಅಂಟಿಸಿದೆ.

ಆಮೇಲೆ ನಡೆದ ತಯಾರಿ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಊಟ ತಿಂಡಿ ಎಲ್ಲಾ ಬಾಡಿಗೆಯಲ್ಲೇ ಸೇರಿದೆಯೆಂದು ಅವಳು ಹೇಳಿದಳು. ಸಸ್ಯಾಹಾರ ಸಿಗುತ್ತದೆಯೇ ಎಂದು ಹೋಟೆಲಿಗೆ ಫೋನ್ ಮಾಡಿ ಕೇಳಿದರೆ ಆ ಹುಡುಗಿ ಬಹಳ ಸಂತೋಷದಿಂದ ಮೀನಿದೆ ಅಂದಳು. ಸರಿ, ಪುಳಿಯೋಗರೆ ಗೊಜ್ಜು ನನ್ನ ಪಾಲಿಗೆ, ರೈಸ್ ಕುಕ್ಕರ್ ಅವಳ ಪಾಲಿಗೆ, ಬಟ್ಟೆಗಳ ನಡುವೆ ಸುತ್ತಿ ಒಯ್ಯುವುದೆಂದು ತೀರ್ಮಾನವಾಯಿತು. ಮಾಲ್‌ನಲ್ಲಿ ಮೊಣಕಾಲು ಮುಚ್ಚುವ ಈಜುಡುಗೆ ಹುಡುಕಿ ಎರಡು ಗಂಟೆ ಅಲೆದೆವು. ನಾನು ಟ್ರಯಲ್ ರೂಮಿನಿಂದ ಹೊರಗೇ ಬರಲಿಲ್ಲ, ಅವಳು ಬಾಗಿಲಾಚೆಯಿಂದ 'ಮೇಲೊಂದು ಟಾಪ್ ಹಾಕ್ಕೋ, ಯಾರ್ ನೋಡ್ತಾರೆ' ಅನ್ನುತ್ತಿದ್ದಳು. ಹರ್ಷಾ ಪಾಸ್‌ಪೋರ್ಟ್ ತೆಗೆದು ವೀಸಾದ ತಾರೀಖು ನೋಡಿದ, ಎರಡು ವರ್ಷದಲ್ಲಿ ಮೊದಲ ಬಾರಿಗೆ ರಜೆ ಕೇಳಿದ. ಮಾರ್ಚ್‌ನಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡುತ್ತಿದ್ದೆವು ಅಕ್ಕಾ. ಆ ಚಿತ್ರ ಫ್ರಿಜ್ ಮೇಲೆ ಬಂದ ನಂತರ ಮತ್ತೆ ಮಾತು ಶುರುವಾಗಿತ್ತು. ಅದು ನನಗೆ ರೆಸಾರ್ಟಿಗಿಂತ ಹೆಚ್ಚಾಗಿತ್ತು.

ಮೊನ್ನೆ ಶನಿವಾರ ಟಿಕೆಟಿನ ಮಾತಾಡೋಣ ಎಂದು ಅವರ ಮನೆಗೆ ಕರೆದಳು. ಅವಳ ಗಂಡ ಬದರಿನಾಥ ಬಾಗಿಲಲ್ಲೇ ನಿಂತು ಕೈಕುಲುಕಿ ಬೇಸ್‌ಮೆಂಟಿಗೆ ಇಳಿಸಿದರು. ನೋಡಿದರೆ ಇಪ್ಪತ್ತು ಜನ, ಸಾಲು ಕುರ್ಚಿ, ಎದುರಿಗೆ ಬಿಳಿ ಬೋರ್ಡು, ಪಕ್ಕದ ಮೇಜಿನಲ್ಲಿ ಸೋಪು, ಶಾಂಪೂ, ವಿಟಮಿನ್ ಮಾತ್ರೆ. ಬದರಿನಾಥ ಒಂದು ಸೊನ್ನೆ ಬರೆದು, ಅದರ ಕೆಳಗೆ ಆರು ಸೊನ್ನೆ ಬರೆದು, ಇದು ನೀವು, ಇವರು ನೀವು ಸೇರಿಸಿದವರು ಎಂದು ಶುರು ಮಾಡಿದರು. ಹೆಚ್ಚು ಜನರನ್ನು ಸೇರಿಸಿದವರಿಗೆ ಬಹುಮಾನ ಕೆರಿಬಿಯನ್ ರೆಸಾರ್ಟಿನಲ್ಲಿ ನಾಲ್ಕು ರಾತ್ರಿ. ಬೋರ್ಡಿನ ಮೂಲೆಯಲ್ಲಿ ಅದೇ ಚಿತ್ರ ಅಂಟಿಸಿದ್ದರು, ಬಿಳಿ ಪರದೆಯ ಮಂಚ. ನನ್ನ ಫ್ರಿಜ್ ಮೇಲಿನದೇ. ಹರ್ಷಾ ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಕೊನೆಗೆ ಶ್ರೀಲತಾ ನನ್ನ ತೊಡೆಯ ಮೇಲೆ ಒಂದು ಫೋಲ್ಡರ್ ಇಟ್ಟು 'ಹಂಡ್ರೆಡ್ ನೇಮ್ಸ್ ಬರಿ, ತುಂಬಾ ಹತ್ತಿರದವರಿಂದ ಸ್ಟಾರ್ಟ್ ಮಾಡು. ಅವರಿಗೇನು ಆಸೆ, ಎಲ್ಲಿ ನೋವು ಅಂತ ಗೊತ್ತಿದ್ರೆ ಹೆಲ್ಪ್ ಮಾಡೋದು ಈಸಿ' ಎಂದು ಕಾಫಿ ತರಲು ಮೇಲೆ ಹೋದಳು. ಅವಳು ಕಾಫಿ ತರುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡು ಕಾರಿನಲ್ಲಿ ಕೂತಿದ್ದೆ. ಮೋಸ ಹೋದೆ ಅಕ್ಕಾ. ಗೆಳತಿ ಸಿಕ್ಕಳೆಂದು ಕುಣಿದಾಡಿದೆ, ಅವಳಿಗೆ ನಾನು ಒಂದು ಸೊನ್ನೆ. ಮನೆಗೆ ಬಂದ ಮೇಲೆ ಹರ್ಷಾ ಫ್ರಿಜ್ ಮೇಲಿನ ಚಿತ್ರವನ್ನು ನಿಧಾನವಾಗಿ ಬಿಡಿಸಿ, 'ರಜೆ ಕ್ಯಾನ್ಸಲ್ ಮಾಡಲ್ಲ, ಇರ್ಲಿ' ಅಂದ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಚಿರಾಗ್‌ಗೆ ಮುತ್ತು, ಹಲ್ಲು ಬಂದ ಮೇಲೆ ಚಕ್ಕುಲಿ ಕಳಿಸುತ್ತೇನೆ ಎನ್ನು. ನಿನ್ನ ಸೊಂಟ ಜೋಪಾನ.

ನಿನ್ನ ತಂಗಿ,
ಶ್ರದ್ಧಾ

ವಿ.ಸೂ.: ಲಕೋಟೆ ಮುಚ್ಚುವ ಮೊದಲು ಇದೊಂದು ಹೇಳಿಬಿಡುತ್ತೇನೆ. ನಾನು ಎದ್ದು ಬಂದದ್ದು ಸೋಪು, ಶಾಂಪೂ ನೋಡಿ ಅಲ್ಲ. ಫೋಲ್ಡರಿನಲ್ಲಿ ರೆಸಾರ್ಟಿನ ಚಿತ್ರಗಳಿದ್ದವು, ಕೊನೆಯದಾಗಿ ನೋಡೋಣವೆಂದು ಮಗುಚಿದೆ. ಅವುಗಳ ಹಿಂದೆ ನಿಮ್ಮ ಸುವಾನಿಯಿಂದ ಫ್ಯಾಕ್ಸ್ ಆಗಿ ಬಂದ, ಯಾರೋ ತುಂಬಿಸಿದ ಹೆಸರುಗಳ ಒಂದು ಹಾಳೆ ಇತ್ತು. ತೆಗೆದಿಡಲು ಮರೆತಿದ್ದಳೋ ಏನೋ. ನಿನ್ನ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ ಅಕ್ಕಾ, ನನ್ನ ಕೈ ಹಿಡಿದು ತಿದ್ದಿಸಿದವಳು ನೀನು. ನಾಲ್ಕನೇ ಸಾಲು ನಾನು. 'ಶ್ರದ್ಧಾ, ಶ್ಯಾಂಟಿಲಿ. ದಿನಾ ಹನ್ನೊಂದಕ್ಕೆ ಲೈಬ್ರರಿ. ಕೊಬ್ಬರಿ ತಿನ್ನಲ್ಲ. ಆಸೆ: ಸಮುದ್ರ. ನೋವು: ಮಾರ್ಚ್‌ನಲ್ಲಿ ಹೋದ ಮಗು.' ಆ ರಾತ್ರಿ ಫೋನಿನಲ್ಲಿ 'ಯಾರಿಗೂ ಹೇಳಲ್ಲ ಕಣೆ' ಅಂದವಳು ನೀನೇ ತಾನೇ? ಥ್ಯಾಂಕ್ಸ್‌ಗಿವಿಂಗ್‌ಗೆ ನಾವು ಸುವಾನಿಗೆ ಬರುವುದಿಲ್ಲ. ಹರ್ಷಾ ಇಲ್ಲೇ ಮೂರು ಗಂಟೆ ದೂರದ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾನಂತೆ, ಚಳಿಯಾದರೂ ಸರಿ.

ಅವಳು ಕಾಫಿ ತರಲು ಹೋದೊಡನೆ ಫೋಲ್ಡರಿನಲ್ಲಿದ್ದ ನನ್ನ ಖಾಲಿ ಹಾಳೆಯಲ್ಲಿ ನಾನೂ ಮೊದಲು ಬರೆದದ್ದು ನಿನ್ನ ಹೆಸರೇ. ಆಗಿನ್ನೂ ನಿನ್ನ ಹಾಳೆ ನೋಡಿರಲಿಲ್ಲ. ಭಾವನವರಿಗೆ ಜೂನ್‌ನಲ್ಲೇ ಕೆಲಸ ಹೋದದ್ದು, ಚಿರಾಗ್‌ಗೆ ತಿಳಿಯಬಾರದೆಂದು ಈಗಲೂ ದಿನಾ ಟೈ ಕಟ್ಟಿಕೊಂಡು ಹೊರಡುವುದು, ಇದನ್ನೆಲ್ಲ ನೀನು ಹೇಳಿದ್ದು ನನಗೊಬ್ಬಳಿಗೇ. ನೋವು ಎಂಬಲ್ಲಿಗೆ ಬಂದಾಗ ಅದು ನೆನಪಾಯಿತು, ಬರೆಯಲು ನನಗೆ ಕೈ ಬರಲಿಲ್ಲ. ಎರಡು ಹಾಳೆಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ನನ್ನದರಲ್ಲಿ ನಿನ್ನ ಹೆಸರು ಮಾತ್ರ ಇದೆ, ಮುಂದೆ ಏನೂ ಬರೆದಿಲ್ಲ.