ಒರಳಿನ ಕಾಲು ಹಿಡಿಯುವವರು

ನನ್ನ ಸರೋಜಕ್ಕನಿಗೆ,

ಮಧ್ಯಾಹ್ನದ ಹೊತ್ತು ಮೆಷಿನ್ ನಿಲ್ಲಿಸಿ ಬರೆಯಲು ಕೂತಿದ್ದೇನೆ. ಪಕ್ಕದಲ್ಲಿ ಬ್ಲೌಸುಗಳ ರಾಶಿ ಬಿದ್ದಿದೆ. ಗಂಗಾನಗರದ ಅರ್ಧ ಹೆಂಗಸರು ದಸರಾಕ್ಕೆ ಮೊದಲೇ ಬೇಕು ಎಂದು ನನ್ನ ತಲೆ ತಿನ್ನುತ್ತಿದ್ದಾರೆ. ಆದರೆ ನಿನಗೊಂದು ಸಮಾಚಾರ ಹೇಳದೆ ಸೂಜಿಗೆ ದಾರ ಪೋಣಿಸಲು ಮನಸ್ಸೇ ಬರುತ್ತಿಲ್ಲ. ಚೈತ್ರ ಹುಬ್ಬಳ್ಳಿಯಿಂದ ದಿನಾ ಫೋನ್ ಮಾಡುತ್ತಾಳೆ. "ಊಟ ಆಯ್ತಾ ಅಮ್ಮ?" ಎನ್ನುತ್ತಾಳೆ, ಆಯಿತು ಎನ್ನುತ್ತೇನೆ, ಇಡುತ್ತಾಳೆ. ಇದು ಮಗಳಿಗೆ ಹೇಳುವಂಥ ಮಾತಲ್ಲ. ಓರಗಿತ್ತಿಗೆ ಮಾತ್ರ ಹೇಳುವಂಥದ್ದು, ಓರಗಿತ್ತಿಯೇ ಇಲ್ಲ ಈಗ.

ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ನೆನಪಿದೆಯಾ? ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ್ದೆ: "ನೋಡೇ ಮಂಜು, ನಿಮ್ಮ ಭಾವನ ಹತ್ರ ನೇರವಾಗಿ ಮಾತಾಡೋ ಹಾಗಿಲ್ಲ. ಈ ಮನೇಲಿ ಹಂಗೇ. ಏನಿದ್ರೂ ನನ್ ಹತ್ರ ಹೇಳು." ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಬಾಯಿ ಬಿಡಬಾರದು ಎನ್ನುವುದು ಅತ್ತೆ ಮಾಡಿಟ್ಟ ಕಟ್ಟಳೆ. ಅವತ್ತಿನಿಂದ ನೀನು ನಮ್ಮಿಬ್ಬರ ನಡುವೆ ಕೂತೆ. ಭಾವ ನನ್ನಿಂದ ಒಂದು ಮಾರು ದೂರದಲ್ಲೇ ನಿಂತು, "ಅವಳಿಗೆ ಹೇಳು, ಗ್ಯಾಸ್ ನಾಳೆ ಬರುತ್ತಂತೆ" ಎನ್ನುವರು. ನಾನು ಗೋಡೆ ನೋಡಿಕೊಂಡು, "ಭಾವಂಗೆ ಕಾಫಿ ಬೇಕಾ ಕೇಳಕ್ಕ" ಎನ್ನುವೆ. ನೀನು ಯಾವ ಮಾತನ್ನೂ ದಾಟಿಸುತ್ತಲೇ ಇರಲಿಲ್ಲ. "ಇಬ್ರಿಗೂ ಕಿವಿ ಇದೆಯಲ್ಲ" ಎಂದು ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಿದ್ದೆ. ಅತ್ತೆ ಹೋದರು, ಆಮೇಲೆ ನನ್ನವರೂ ಹೋದರು. ಕಟ್ಟಳೆ ಕೇಳುವವರು ಯಾರೂ ಉಳಿಯಲಿಲ್ಲ. ಆದರೂ ಅದು ಹಾಗೇ ಉಳಿಯಿತು. ನೀನೇ ಒಮ್ಮೆ ನಕ್ಕು ಕೇಳಿದ್ದೆ, "ನಾನಿಲ್ದೇ ಹೋದ್ರೆ ನೀವಿಬ್ರೂ ಏನ್ ಮಾಡ್ತೀರೋ? ಕೈಸನ್ನೆ ಮಾಡ್ಕೋತೀರಾ?"

ಆ ವಿಡಿಯೋ ನೋಡಿದ ಭಾನುವಾರವಂತೂ ನಿನ್ನೆಯದೇ ಅನ್ನಿಸುತ್ತದೆ. ಚೈತ್ರಳ ಫೋನಿನಲ್ಲಿ ಇಟಲಿಯ ಯಾವುದೋ ಅಜ್ಜಿ ಹಲಗೆಯ ಮೇಲೆ ಪಾಸ್ತಾ ಹಿಟ್ಟು ನಾದುತ್ತಿದ್ದಳು. ನೀನು ಕನ್ನಡಕ ಮೇಲೇರಿಸಿ ನೋಡಿ, "ಅಯ್ಯೋ, ಇದು ಒಬ್ಬಟ್ಟಿನ ಕಣಕ ಅಲ್ವೇನೇ? ಎಣ್ಣೆ ಹಾಕಿಲ್ಲ ಅಷ್ಟೇ" ಎಂದೆ. ಪಾಸ್ತಾ ತಿನ್ನಲು ಹೋಟೆಲಿಗೆ ಹೋಗೋಣ ಎಂದು ಚೈತ್ರ ಹಟ ಹಿಡಿದಿದ್ದಳು. ಮನೆಯಲ್ಲೇ ಮಾಡೋಣ ಎಂದು ನೀನು ಅಟ್ಟದ ಮೇಲಿನಿಂದ ಶ್ಯಾವಿಗೆ ಒರಳು ಇಳಿಸಿದೆ. ಅತ್ತೆಯ ಕಾಲದ ಮೂರು ಕಾಲಿನ ಕಬ್ಬಿಣದ ಒರಳು. ಮೇಲೆ ಎರಡು ಹಿಡಿಯ ತಿರುಪು, ಕೆಳಗೆ ತೂತಿನ ಬಿಲ್ಲೆ. ಒಬ್ಬರು ಕಾಲು ಹಿಡಿದು ಕೂರಬೇಕು, ಇನ್ನೊಬ್ಬರು ನಿಂತು ತಿರುಗಿಸಬೇಕು. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ಅಕ್ಕಿ ಶ್ಯಾವಿಗೆಗೆ ಮಾಡುವ ಹಾಗೆ ನೀನು ಚಿರೋಟಿ ರವೆಯನ್ನೂ ಉಂಡೆ ಕಟ್ಟಿ ಮೊದಲು ಬೇಯಿಸಿಬಿಟ್ಟೆ. ನಮ್ಮ ಕೈಗೆ ಗೊತ್ತಿದ್ದದ್ದು ಅದೊಂದೇ ದಾರಿ ತಾನೇ? ಬೆಂದ ಉಂಡೆ ಒರಳಿನೊಳಗೆ ಗೋಂದಾಗಿ ಕೂತಿತು. ನಾನು ತಿರುಪಿಗೆ ಜೋತುಬಿದ್ದೆ, ನೀನು ಕಾಲು ತಬ್ಬಿಕೊಂಡೆ, ಒಂದು ಎಳೆಯೂ ಇಳಿಯಲಿಲ್ಲ. ಬಾಗಿಲಲ್ಲಿ ಭಾವ ಬಂದು ನಿಂತು, "ಅವಳಿಗೆ ಹೇಳು, ತಿರುಪು ಮುರಿದ್ರೆ ಈ ಕಾಲದಲ್ಲಿ ಇನ್ನೊಂದು ಸಿಗಲ್ಲ" ಎಂದರು. ನಾವು ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕಿದ್ದೆವು.

ಮುಂದಿನ ಭಾನುವಾರ ನೀನು ಸೋಲಲಿಲ್ಲ. ಹಸಿ ರವೆಗೆ ಬಿಸಿನೀರು ಚಿಮುಕಿಸಿ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಹಾಗೆಯೇ ಒತ್ತಿಸಿದೆ. ಎಳೆ ಇಳಿಯಿತು! ಫ್ಯಾನಿನ ಕೆಳಗೆ ನನ್ನ ಲೈನಿಂಗ್ ಬಟ್ಟೆಯ ಮೇಲೆ ಹರಡಿ ಆರಿಸಿ, ಉಪ್ಪುನೀರಿನಲ್ಲಿ ಕುದಿಸಿ ಬಸಿದೆ. ಹುಳಿ ಟೊಮೇಟೊ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಕಡಲೆಕಾಯಿ ಎಣ್ಣೆ. ಚೀಸ್ ಎಲ್ಲಿ ಎಂದು ಚೈತ್ರ ಕೇಳಿದರೆ ಮೇಲೆ ಕೊಬ್ಬರಿ ತುರಿದು ಉದುರಿಸಿ, "ನೋಡಕ್ಕೆ ಹಂಗೇ ಇದೆ, ತಿನ್ನು" ಎಂದೆ. ಅವಳು ಮುಖ ಕಿವುಚಿಕೊಂಡೇ ತಟ್ಟೆ ನೆಕ್ಕಿದಳು. ಭಾವ ಎರಡನೇ ಸಲ ಹಾಕಿಸಿಕೊಂಡು, "ಅವಳಿಗೆ ಹೇಳು, ಖಾರದ ಶ್ಯಾವಿಗೆ ಚೆನ್ನಾಗಿದೆ" ಎಂದರು. ಅಲ್ಲಿಂದ ಮುಂದೆ ನಮ್ಮ ಭಾನುವಾರಗಳೆಲ್ಲ ಒರಳಿನದೇ. ನಿನಗೆ ಒಬ್ಬಟ್ಟಿಗಿಂತಲೂ ಅದು ಇಷ್ಟವಾಗಿಬಿಟ್ಟಿತ್ತು, ಅಲ್ವಾ?

ಎದೆ ನೋವು ಎಂದು ನೀನು ಆಟೋ ಹತ್ತಿದ ಬೆಳಗ್ಗೆಯ ಬಗ್ಗೆ ಬರೆಯುವುದಿಲ್ಲ. "ಒಲೆ ಮೇಲೆ ಹಾಲಿದೆ ಕಣೇ" ಎಂದೆಯಲ್ಲ, ಅಷ್ಟೇ. ನಾನು ಹಾಲು ಇಳಿಸಿದೆ, ನೀನು...

ಆಮೇಲಿನದು ಕೇಳು. ಅಡುಗೆ ಮೊದಲಿನಂತೆ ಕೆಳಗೆ ನನ್ನ ಮನೆಯಲ್ಲೇ ಆಗುತ್ತದೆ. ಮೇಲಿನ ನಿಮ್ಮ ಮನೆಗೆ, ಭಾವನಿಗೆ, ಒಯ್ಯಲು ನೀನಿಲ್ಲ. ಕ್ಯಾರಿಯರ್ ತುಂಬಿಸಿ, ಮೆಟ್ಟಿಲ ಮೇಲಿನ ಸ್ಟೂಲಿನಲ್ಲಿಟ್ಟು, ಬೆಲ್ ಒತ್ತಿ ಇಳಿದು ಬರುತ್ತೇನೆ. ಸಂಜೆಗೆ ಕ್ಯಾರಿಯರ್ ಬೆಳಗಿದ ಹಾಗೆ ತೊಳೆದು ಅಲ್ಲೇ ಇಟ್ಟಿರುತ್ತಾರೆ. ಉಂಡರೋ ಬಿಟ್ಟರೋ ಹೇಗೆ ತಿಳಿಯಲಿ? ತಿಳಿಸಿದ್ದು ಪಾರಿವಾಳಗಳು. ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಗೋಡೆಯ ಮೇಲೆ ನನ್ನ ಅನ್ನ, ನನ್ನ ಪಲ್ಯ. ಹೆಬ್ಬಾಳದ ಪಾರಿವಾಳಗಳೆಲ್ಲ ನಮ್ಮ ತಾರಸಿಗೇ ಊಟಕ್ಕೆ ಬರುತ್ತಿವೆ, ನಡೆಯಲಾರದಷ್ಟು ಕೊಬ್ಬಿವೆ. ಒಂದು ದಿನ ಕ್ಯಾರಿಯರ್ ಮೇಲೆ ಭಾವನ ಪ್ಯಾಂಟು ಮಡಚಿಟ್ಟಿತ್ತು. ಸೊಂಟದ ಹತ್ತಿರ ಒಂದು ಪಿನ್ನು ಚುಚ್ಚಿದ್ದರು, ಇಷ್ಟು ಹಿಡಿಸು ಎನ್ನುವುದಕ್ಕೆ. ಹಿಡಿಸಿಕೊಟ್ಟೆ. ಕೆಲವು ತಿಂಗಳಲ್ಲಿ ಅದೇ ಪ್ಯಾಂಟು ಮತ್ತೆ ಬಂತು, ಪಿನ್ನು ಇನ್ನೂ ಒಳಗೆ ಸರಿದಿತ್ತು. ಅಕ್ಕ, ಆ ಪಿನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಮನುಷ್ಯ ಕರಗುತ್ತಿದ್ದಾರೆ, ಯಾಕೆ ಉಣ್ಣುತ್ತಿಲ್ಲ ಎಂದು ಕೇಳಲು ನನಗೆ ಬಾಯಿಲ್ಲ. ಮತ್ತೆ ಹಿಡಿಸಿದೆ, ಬಟ್ಟೆ ಮಾತ್ರ ಕತ್ತರಿಸಲಿಲ್ಲ, ಒಳಗೆ ಮಡಚಿ ಹೊಲಿದೆ. ಬಿಚ್ಚಿದರೆ ಅಗಲವಾಗುತ್ತದಲ್ಲ.

ನನ್ನ ಊಟದ ಕಥೆಯನ್ನೂ ನೀನು ಕೇಳುತ್ತಿದ್ದೆ, ಗೊತ್ತು. ಒಂದು ಭಾನುವಾರ ತಡೆಯಲಾಗದೆ ಒಬ್ಬಳೇ ಹಿಟ್ಟು ಕಲಸಿದೆ. ಒರಳಿನ ತಂಟೆಗೆ ಹೋಗದೆ ಚಪಾತಿಯಂತೆ ತೆಳ್ಳಗೆ ಲಟ್ಟಿಸಿ, ಹಿಟ್ಟು ಉದುರಿಸಿ, ಸೀರೆಯ ನೆರಿಗೆಯಂತೆ ಮಡಚಿ ಚಾಕುವಿನಲ್ಲಿ ಕತ್ತರಿಸಿದೆ. ಬಿಡಿಸಿದರೆ ಉದ್ದುದ್ದ ನೂಡಲ್ಸು. ಬ್ಲೌಸಿನ ಅಂಚಿಗೆ ಪೈಪಿಂಗ್ ಪಟ್ಟಿ ಕತ್ತರಿಸಿ ಪಳಗಿದ ಕೈ, ಅಂಗಡಿಯದೇ ಅನ್ನಬೇಕು, ಹಾಗೆ ಬಂದಿತ್ತು. ಬಟ್ಟಲಿಗೆ ಹಾಕಿಕೊಂಡು ಮೆಷಿನ್ ಎದುರು ಕೂತೆ. ಚೆನ್ನಾಗಿದೆ ಎಂದು ಯಾರಿಗೆ ಹೇಳುವುದು? ಎರಡು ತುತ್ತಾದ ಮೇಲೆ ಒಳಕ್ಕಿಳಿಯಲಿಲ್ಲ. ನನ್ನದನ್ನೂ ಪಾರಿವಾಳಕ್ಕೇ ಹಾಕಿ ಬಂದೆ. ಆವತ್ತು ನನಗೆ ಭಾವ ಅರ್ಥವಾದರು.

ಮೊನ್ನೆ ಮಹಾಲಯ ಅಮಾವಾಸ್ಯೆ. ನಿನ್ನ ವರ್ಷ ಕಳೆದ ಮೇಲೆ ಹಿರಿಯರ ಜೊತೆಗೆ ನಿನಗೂ ಇಡುವ ಮೊದಲ ಎಡೆ. ನಾದಿನಿ ಫೋನಿನಲ್ಲಿ ಪಟ್ಟಿ ಒಪ್ಪಿಸಿದರು: "ವಡೆ, ಕಡುಬು, ಕೋಳಿ ಸಾರು ಎಲ್ಲಾ ಮಾಮೂಲಿ. ಅವಳಿಗೇನು ಇಷ್ಟ ಇತ್ತೋ ಅದನ್ನ ಮರೀಬೇಡ ಕಣಮ್ಮ." ನಿನಗೆ ಏನಿಷ್ಟ ಎಂದು ಅವರಿಗೆ ಹೇಳಿದ್ದರೆ ಫೋನೇ ಕೆಳಗೆ ಬೀಳುತ್ತಿತ್ತು. ಬೆಳಗ್ಗೆ ಎದ್ದು ರವೆ ಕಲಸಿದೆ. ನಿನಗೆ ಕತ್ತರಿಸಿದ್ದು ಆಗದು, ಒತ್ತಿದ್ದೇ ಬೇಕು. ಒರಳು ಇಳಿಸಿದೆ. ಅದರ ಒಂದು ಕಾಲನ್ನು ಪಾದದಿಂದ ಮೆಟ್ಟಿ ತಿರುಪು ತಿರುಗಿಸಿದರೆ ಮೊಸಾಯಿಕ್ ನೆಲದ ಮೇಲೆ ಇಡೀ ಒರಳು ಸುತ್ತಿತು. ಗೋಡೆಗೆ ಒತ್ತರಿಸಿಟ್ಟೆ, ಮತ್ತೆ ಸುತ್ತಿತು. ಅಕ್ಕಿ ಮೂಟೆ ಎಳೆದು ಆನಿಸಿದೆ. ಆಗ ಒರಳು ದಢಾರನೆ ಮಗುಚಿ ಬಿತ್ತು. ನಾನೂ ನೆಲದಲ್ಲೇ ಕೂತುಬಿಟ್ಟೆ. ಇಷ್ಟು ಜನ ಇರುವ ಊರಿನಲ್ಲಿ ಒಂದು ಒರಳಿನ ಕಾಲು ಹಿಡಿಯಲು ನನಗೆ ಯಾರೂ ಇಲ್ಲವಲ್ಲ ಅನ್ನಿಸಿತು.

ಸದ್ದಿಗೆ ಭಾವ ಇಳಿದು ಬಂದರು. ಬಾಗಿಲಲ್ಲಿ ನಿಂತರು, ಅದೇ ಜಾಗದಲ್ಲಿ. ಬಿದ್ದ ಒರಳು ನೋಡಿದರು, ಹಿಟ್ಟು ನೋಡಿದರು. "ಅವಳಿಗೆ ಹೇ..." ಎಂದು ಬಾಯಿಗೆ ಬಂತು, ಅಲ್ಲಿಗೇ ನಿಂತಿತು. ನೀನು ಕೂರುತ್ತಿದ್ದ ಮಣೆಯತ್ತ ನೋಡಿದರು. ನಾನೂ ಅದನ್ನೇ ನೋಡುತ್ತಿದ್ದೆ. ಆಮೇಲೆ ಅವರು ವಾಚು ಬಿಚ್ಚಿ ಕಿಟಕಿಯಲ್ಲಿಟ್ಟರು. ಯಶವಂತಪುರದ ಕಾರ್ಖಾನೆಯಲ್ಲಿ ಲೇತ್ ಯಂತ್ರ ತಿರುಗಿಸಿದ ಕೈ ಅಲ್ವಾ, ತಿರುಪಿಗೆ ಒಂದು ಬೊಟ್ಟು ಕೊಬ್ಬರಿ ಎಣ್ಣೆ ಸವರಿ, ಒಮ್ಮೆ ಆಡಿಸಿ ನೋಡಿ, ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತು ಒರಳಿನ ಕಾಲು ಹಿಡಿದರು. ನನ್ನತ್ತ ನೋಡಲಿಲ್ಲ. ಅಂಗೈ ಮೇಲೆತ್ತಿ ಅಲ್ಲಾಡಿಸಿದರು, ಶುರು ಮಾಡು ಎಂದು. ನಾನು ತಿರುಗಿಸಿದೆ. ಹಿಟ್ಟು ಮುಗಿದಾಗ ನಾನು ಕೈ ತೋರಿಸಿದೆ, ಅವರು ತಲೆ ಆಡಿಸಿದರು. ನೀನು ಹೇಳಿದಂತೆಯೇ ಆಯಿತು ನೋಡು, ಕೈಸನ್ನೆ! ನಗು ಬಂತು, ಹಂಚಿಕೊಳ್ಳಲು ನೀನಿರಲಿಲ್ಲ.

ಎಡೆ ನಡುಮನೆಯಲ್ಲಿಟ್ಟೆವು. ನಿನ್ನ ಫೋಟೋ ಭಾವನೇ ಮೇಲಿನಿಂದ ತಂದರು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಹೊರಗೆ ಕಾಯಬೇಕಲ್ಲ, ಅವರು ಮೆಟ್ಟಿಲ ಮೇಲೆ ಕೂತರು, ನಾನು ಮೆಷಿನ್ ಹತ್ತಿರ ಕೂತೆ. ಒಳಗೆ ನೀನು ಉಣ್ಣುತ್ತಿದ್ದೀಯಾ? ಖಾರ ಸಾಕಾ? ಕೊಬ್ಬರಿ ಕಮ್ಮಿಯಾಯಿತಾ? ಇಬ್ಬರೂ ಆ ಬಾಗಿಲನ್ನೇ ನೋಡುತ್ತಾ ಕೂತಿದ್ದೆವು. ಬಾಗಿಲು ತೆರೆದು ಎಲೆ ಹಾಕಿದೆ. ಅವರು ಕಡುಬು ಸರಿಸಿ ಖಾರದ ಶ್ಯಾವಿಗೆಗೇ ಕೈ ಹಾಕಿದರು. ನಿಧಾನವಾಗಿ ಪೂರ್ತಿ ಉಂಡರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅವರು ತಲೆಯೆತ್ತಿ ನಿನ್ನ ಫೋಟೋ ನೋಡಿದರು, "ಅವಳಿಗೆ ಹೇಳು" ಎಂದರು. ನೀನು ಏನೂ ಹೇಳಲಿಲ್ಲ. ಆಮೇಲೆ ಎಲೆಯ ಮೇಲೆ ಕಣ್ಣಿಟ್ಟುಕೊಂಡು, ನನಗೆ, ನನಗೇ ಹೇಳಿದರು:

"ಇನ್ನೊಂಚೂರು ಹಾಕಮ್ಮ."

ಹಾಕಿದೆ ಅಕ್ಕ. ಆಮೇಲೆ ಅಡುಗೆಮನೆಗೆ ಬಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅವರು ಉಂಡರೆಂಬ ಸಂತೋಷಕ್ಕಲ್ಲ. ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದಷ್ಟು ದಿನವೂ ನಡುವೆ ನಿನ್ನ ಜಾಗ ಹಾಗೇ ಇತ್ತು. ನೀನು ಯಾವ ಗಳಿಗೆಯಲ್ಲಾದರೂ ಬಂದು ಕೂರಬಹುದಿತ್ತು. ಭಾವ ನನ್ನ ಹತ್ತಿರ ನೇರವಾಗಿ ಮಾತಾಡಿದಾಗಲೇ ನೀನು ನಿಜವಾಗಿ ಹೋದೆ ಎಂದು ನನಗೆ ಗೊತ್ತಾಗಿದ್ದು. ನೀನಾಗಿದ್ದರೆ ಬೈಯುತ್ತಿದ್ದೆ, "ಹುಚ್ಚಿ, ಇಷ್ಟು ದಿನ ಬೇಕಾಯ್ತಾ" ಎಂದು. ಬೈಯಬಾರದಿತ್ತಾ ಒಂದು ಸಲ?

ಅದಾದ ಮೇಲೆ ಮತ್ತೆ ಮಾತಾಗಿಲ್ಲ. ಅಷ್ಟು ಬೇಗ ನಾಲಿಗೆ ತಿರುಗುತ್ತದೆಯೇ? ಕ್ಯಾರಿಯರ್ ಸ್ಟೂಲಿನ ಮೇಲೆ ಇಡುತ್ತೇನೆ, ಬೆಲ್ ಒತ್ತುತ್ತೇನೆ, ಇಳಿದು ಬರುತ್ತೇನೆ. ಇವತ್ತು ಬೆಳಗ್ಗೆ ತರಲು ಹೋದಾಗ ತೊಳೆದ ಕ್ಯಾರಿಯರ್ ಮೇಲೆ ಏನೋ ಇಟ್ಟಿದ್ದು ಕೆಳಗಿನಿಂದಲೇ ಕಾಣಿಸಿತು. ಮತ್ತೆ ಪ್ಯಾಂಟು ಬಂತು, ಮತ್ತೆ ಪಿನ್ನು ಎಂದುಕೊಂಡೆ. ಹತ್ತಿ ನೋಡಿದೆ. ಪ್ಯಾಂಟಲ್ಲ ಅಕ್ಕ. ಒಂದು ಪ್ಯಾಕೆಟ್ ಚಿರೋಟಿ ರವೆ.

ನಿನ್ನ
ಮಂಜು