ಮೂರನೇ ಸಾಲಿನ ಕೊನೆ

ಮಂಗಳವಾರ, ಹದಿನೈದನೇ ತಾರೀಕು
ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ

ನನ್ನ ಗುಬ್ಬಿಗೆ,

ಬಿದ್ದ ಕನಸನ್ನು ಹೇಳಿಬಿಟ್ಟರೆ ಎದೆ ಹಗುರಾದೀತು ಎಂದು ಮೊದಲು ಅದನ್ನೇ ಬರೆಯುತ್ತಿದ್ದೇನೆ. ನಿನಗೆ ಹೆರಿಗೆಯಾಗಿದೆ, ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದ್ದಾರೆ. ನೀನು, ಅಳಿಯಂದಿರು, ನರ್ಸು, ಯಾರೋ ಗುರುತಿಲ್ಲದವರು ಎಲ್ಲ ಸುತ್ತ ನಿಂತು ನಾನು ಹಾಡಲಿ ಎಂದು ಕಾಯುತ್ತಿದ್ದೀರಿ. ನಾನು ಹಾಡು ಬರೆದಿಟ್ಟ ಹಾಳೆಗಾಗಿ ಕೈಚೀಲ ತಡಕುತ್ತೇನೆ, ಕೈಗೆ ಬರೀ ಬಸ್ ಟಿಕೆಟು ಸಿಗುತ್ತವೆ. ತೆಗೆದಷ್ಟೂ ಟಿಕೆಟು. ಮಗು ಅಳುವುದೂ ಇಲ್ಲ, ಸುಮ್ಮನೆ ನನ್ನ ಬಾಯಿಯನ್ನೇ ನೋಡುತ್ತಿದೆ. ಎದ್ದವಳೇ ಹಾಳೆ ಡಬ್ಬಿಯಲ್ಲಿದೆಯೋ ಇಲ್ಲವೋ ನೋಡಿದೆ. ಇತ್ತು. ಹಲ್ಲುಜ್ಜಿ ಬಂದು ಮತ್ತೊಮ್ಮೆ ನೋಡಿದೆ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊನ್ನೆ ಭಾನುವಾರ ಫೋನಿನಲ್ಲಿ ಸಿಡುಕಿ ಕೆಳಗಿಟ್ಟುಬಿಟ್ಟೆನಲ್ಲ, ಅದಕ್ಕೂ. ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ದಿನವಿಡೀ ನಿಂತು ಪಾಠ ಮಾಡಬೇಡ, ಒಂದು ಕುರ್ಚಿ ಹಾಕಿಸಿಕೋ. ಮಕ್ಕಳು ಗಲಾಟೆ ಮಾಡಿದರೆ ಮಾಡಲಿ. ಮೆಟ್ಟಿಲಿಗೆ ನೀರು ಚೆಲ್ಲಿದ್ದರೆ ಒರೆಸುವವರೆಗೂ ಇಳಿಯಬೇಡ. ನಿನ್ನ ಡಾಕ್ಟರು ಪ್ರಯಾಣ ಬೇಡ ಎಂದಿರುವಾಗ ನನ್ನ ಗಂಟಲಿನ ಆಪರೇಷನ್ನಿಗೆ ಬರುವ ಮಾತೇ ಎತ್ತಬೇಡ.

ನನ್ನದು ಗುರುವಾರ ಬೆಳಿಗ್ಗೆ ಎಂಟಕ್ಕೆ ಎಂದು ಗೊತ್ತಾಗಿದೆ. ಈ ಕಾಗದ ನಿನ್ನ ಕೈ ಸೇರುವಾಗ ಮುಗಿದಿರುತ್ತದೆ. ಡಾಕ್ಟರು ಒಳ್ಳೆಯವರೇ, ಆದರೆ ಮಾತನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಆಡುತ್ತಾರೆ. “ಗಂಟು ತೆಗೀತೀವಮ್ಮ, ಅದರಲ್ಲಿ ಅನುಮಾನ ಬೇಡ. ಮಾತಾಡ್ತೀರ. ಹಾಡೋದು ಮಾತ್ರ ಮರೆತುಬಿಡಿ,” ಎಂದರು. ಇಷ್ಟು ದಿನ ನಾನೆಲ್ಲಿ ಹಾಡುತ್ತಿದ್ದೆ ಸಾರ್ ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ನೀನು ಕೇಳಿದ್ದು ಒಂದೇ ಒಂದು. ‘ಅಮ್ಮ, ನೀನು ನನಗೆ ಹಾಡುತ್ತಿದ್ದ ಆ ಜೋಗುಳ ನನ್ನ ಮಗುವಿಗೆ ಬೇಕು, ನನಗೆ ಅರ್ಧಂಬರ್ಧ ನೆನಪಿದೆ, ಫೋನಿನಲ್ಲಿ ಹಾಡಿ ಕಳಿಸು’ ಎಂದು. ಆಗಲೇ ದನಿ ಒಡೆದು ಎರಡು ತಿಂಗಳಾಗಿತ್ತು. ಹಾಡಿದೆ, ಕೇಳಿಸಿಕೊಂಡೆ, ಅಳಿಸಿದೆ. ಎಣ್ಣೆ ಕಾಣದ ಬಾಗಿಲು ತೆರೆದ ಹಾಗಿತ್ತು. ಎತ್ತರಕ್ಕೆ ಹೋಗುವ ಕಡೆಯಲ್ಲೆಲ್ಲ ಬರೀ ಗಾಳಿ.

ಅದಕ್ಕೇ ಮೇಲಿನ ಮನೆಯ ಬ್ಯಾಂಡ್ ಮೇಷ್ಟ್ರ ಬಾಗಿಲು ತಟ್ಟಿದ್ದು. ನಲವತ್ತು ವರ್ಷ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು, ಈಗ ಹಲ್ಲು ಕಟ್ಟಿಸಿಕೊಂಡು ಮನೆಯಲ್ಲಿದ್ದಾರೆ. ನಾನು ಕರಕರ ಎಂದು ಗುನುಗುವುದು, ಅವರು ಬರೆದುಕೊಳ್ಳುವುದು ಎಂದು ಮಾತಾಯಿತು. ಬರೆದುಕೊಂಡದ್ದನ್ನು ಊದಿದರೆ ಅದು ಯಾವ ಹಾಡೂ ಆಗಿರಲಿಲ್ಲ. ಜಾರಿದ ದನಿಯನ್ನೆಲ್ಲ ಜಾರಿದ ಹಾಗೆಯೇ ಬರೆದಿದ್ದರು, ಪಾಪ. ಕೊನೆಗೆ ಪೆನ್ಸಿಲನ್ನು ನನ್ನ ಕಡೆ ತಳ್ಳಿದರು. “ಹಾಡು ನಿಮ್ಮ ಗಂಟಲಲ್ಲಿಲ್ಲ, ತಲೇಲಿದೆ. ಅಲ್ಲಿಗೆ ನಾನು ಬರೋಕಾಗಲ್ಲ. ನೀವೇ ಬರೀಬೇಕು.”

ನಾಲ್ಕನೇ ಕ್ಲಾಸು ಬಿಟ್ಟವಳು ನಾನು. ಐವತ್ತೇಳನೇ ವಯಸ್ಸಿಗೆ, ಬ್ಯಾಂಡಿನವರು ಸ್ವರ ಬರೆಯುವ ಐದು ಗೆರೆಯ ಮುಂದೆ ಕೂತೆ. ಗೆರೆಯ ಮೇಲೂ ಸ್ವರ ಕೂರುತ್ತದೆ, ಎರಡು ಗೆರೆಯ ನಡುವಿನ ಸಂದಿನಲ್ಲೂ ಕೂರುತ್ತದೆ. ಮೇಷ್ಟ್ರು ನನ್ನ ಅನುಕೂಲಕ್ಕೆ ಸ ಎಂಬುದನ್ನು ಕೆಳಗಿನ ಗೆರೆಯ ಮೇಲೆ ಕೂರಿಸಿದರು. ಅದರ ಮೇಲಿನ ಸಂದು ರಿ, ಆಮೇಲಿನ ಗೆರೆ ಗ. ಹೀಗೆ ಏಣಿ ಹತ್ತಿದ ಹಾಗೆ. ಸ್ವರದ ಚುಕ್ಕಿಯ ಹೊಟ್ಟೆ ಖಾಲಿ ಇದ್ದರೆ ದನಿ ಎಳೆಯಬೇಕು, ತುಂಬಿದ್ದರೆ ಬೇಗ ಬಿಡಬೇಕು. ಸುಮ್ಮನಿರುವುದಕ್ಕೂ ಒಂದು ಗುರುತಿದೆ ನೋಡು. ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಎಣಿಸಿ ಬರೆಯಬೇಕಂತೆ. ನಾನು ಅದನ್ನು ದಿನಾ ಮರೆಯುತ್ತಿದ್ದೆ. ಎಣಿಸದೆ ಸುಮ್ಮನಿದ್ದೇ ರೂಢಿ ನನಗೆ.

ಕಾರ್ಖಾನೆಯಲ್ಲಿ ನಮ್ಮ ಸ್ಯಾಂಪಲ್ ಮೇಜಿನವರಿಗೆಲ್ಲ ಗೊತ್ತಾಗಿಹೋಯಿತು. ಗುಂಡಿ ಹೊಲಿಯುವವಳು, “ಏನಕ್ಕ, ಸ್ವೆಟರ್ ಹಾಕ್ಕೊಂಡ್ರೆ ಹಾಡೋ ಹಾಗೆ ಹೆಣೀತೀಯಾ?” ಎಂದು ಛೇಡಿಸಿದಳು. ಆಡಿಕೊಳ್ಳಲಿ ಬಿಡು. ನನ್ನ ಭಯ ಬೇರೆ ಇತ್ತು. ಬರೆಯುವ ಹೊತ್ತಿಗೆ ಹಾಡೇ ತಲೆಯಿಂದ ಜಾರಿಬಿಟ್ಟರೆ? ಹೆಣಿಗೆಯ ಕಡ್ಡಿಯಿಂದ ಒಂದು ಕುಣಿಕೆ ಜಾರಿದರೆ ಕೆಳಗಿನ ಸಾಲೆಲ್ಲ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಮೂವತ್ತು ವರ್ಷ ನೋಡಿದವಳು.

ಐದು ವಾರವಾದ ಮೇಲೆ ಮೇಷ್ಟ್ರು, ಮನೆಯಲ್ಲಿ ಕೂತು ಪೂರ್ತಿ ಬರೆದು ತನ್ನಿ ಎಂದರು. ಬರೆದೆ. ಹೆಣಿಗೆಯ ನಕ್ಷೆ ಬರೆಯುವ ಚೌಕದ ಹಾಳೆಯ ಹಿಂಬದಿಗೆ ಗೆರೆ ಎಳೆದುಕೊಂಡು, ನಾಲ್ಕು ಸಾಲು ಹಾಡಿಗೆ ನಾಲ್ಕು ಏಣಿ. ಒಂದೊಂದು ಚುಕ್ಕಿಗೂ ಮೂರು ಸಲ ಅಳಿಸಿ. ಅವರು ಕನ್ನಡಕ ಏರಿಸಿ, ಹಾಳೆ ನಿಲ್ಲಿಸಿಕೊಂಡು ಊದಿದರು.

ಗುಬ್ಬಿ, ಅದು ನಮ್ಮ ಹಾಡಲ್ಲ. ಅಲ್ಲೊಂದು ಕಡೆ ಇಲ್ಲೊಂದು ಕಡೆ ಇಣುಕಿದ ಹಾಗಾಗುತ್ತದೆ, ಹಿಡಿಯಲು ಹೋದರೆ ಮಾಯ. ಇನ್ನೊಮ್ಮೆ ಊದಿ ಎಂದೆ. ಅದೇ. ಗಂಟಲಿನ ಗಂಟು ತಲೆಗೂ ಏರಿದೆ ಎಂದುಕೊಂಡೆ. ಮಗಳು ಕೇಳಿದ ಒಂದು ಹಾಡು ಕೊಡಲಾಗಲಿಲ್ಲವಲ್ಲ ಎಂದು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಮೇಷ್ಟ್ರು ಗಾಬರಿಯಾಗಿ, ಹಾಡಬೇಡಿ, ಸುಮ್ಮನೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಚುಕ್ಕಿಯ ಮೇಲೆ ಬೆರಳು ಓಡಿಸಿ ಎಂದರು. ಓಡಿಸಿದೆ.

“ಅಮ್ಮಾ, ಎಲ್ಲಿಂದ ಹೊರಟ್ರಿ?”

“ಮೊದಲಿಂದ.”

ನನ್ನ ಬೆರಳು ಹಾಳೆಯ ಕೆಳಗಿನ ಬಲ ಮೂಲೆಯಲ್ಲಿತ್ತು. ಮೊದಲನೇ ಸಾಲು ಬಲದಿಂದ ಎಡಕ್ಕೆ, ಅದರ ಮೇಲಿನದು ಎಡದಿಂದ ಬಲಕ್ಕೆ, ಮತ್ತೆ ಬಲದಿಂದ. ಹೆಣಿಗೆಯ ನಕ್ಷೆಯನ್ನು ಓದುವುದೇ ಹಾಗಲ್ಲವೇ? ಕೆಳಗಿನಿಂದ ಶುರು, ಒಂದು ಸಾಲು ಹೋಗುವುದು, ಒಂದು ಸಾಲು ಬರುವುದು. ಕೈ ತನ್ನಷ್ಟಕ್ಕೆ ತಾನು ಹೋಗಿದೆ. ಅವರು ಕೇಳಿದರು, ಕಾಗದ ಬರೆಯುವಾಗಲೂ ಬಲದಿಂದ ಬರೆಯುತ್ತೀರಾ ಎಂದು. “ಅಕ್ಷರ ಬೇರೆ ಮೇಷ್ಟ್ರೇ, ಇದು ಚುಕ್ಕಿ,” ಎಂದೆ. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನನ್ನ ದಾರಿಯಲ್ಲೇ, ಕೆಳಗಿನ ಮೂಲೆಯಿಂದ, ಕುತ್ತಿಗೆ ಅತ್ತ ಇತ್ತ ತಿರುಗಿಸಿಕೊಂಡು ಮೆಲ್ಲಗೆ ಊದಿದರು.

ನಮ್ಮಮ್ಮನ ಹಾಡು. ನಾಲ್ಕು ಸಾಲೂ, ಒಂದು ಕುಣಿಕೆ ತಪ್ಪದೆ. ನನ್ನ ಮುಖ ನೋಡಿ ಮೇಷ್ಟ್ರು ಟವೆಲು ಕೊಟ್ಟರು.

ಎಲ್ಲವನ್ನೂ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಮತ್ತೆ ಬರೆದೆ. ಸಾಲಿನ ತಲೆಗೆ ಹಾಕುವ ಗುರುತುಗಳನ್ನು ಅವರೇ ಹಾಕಿಕೊಟ್ಟರು, ಅದು ಮುಂದಿನ ಪಾಠವಂತೆ.

ಬಸ್ಸಿಗೆ ಹೊತ್ತಾಯಿತು. ಉಳಿದದ್ದು ನಾಳೆ.

ಬುಧವಾರ, ಮಧ್ಯಾಹ್ನ

ಆಸ್ಪತ್ರೆಯಲ್ಲಿದ್ದೇನೆ. ಕಿಟಕಿ ಪಕ್ಕದ ಮಂಚ ಸಿಕ್ಕಿದೆ. ಎದುರಿನ ಮಂಚದಾಕೆಗೆ ಮಾತು ಬೇಕು, ನನಗೆ ಬೇಡ. ಅವಳಿಗೆ ಗಂಟಲು ತೋರಿಸಿ ತಪ್ಪಿಸಿಕೊಂಡಿದ್ದೇನೆ. ದಾಖಲೆಯ ಹಾಳೆಯಲ್ಲಿ ಗಂಟು ಎಡಗಡೆ ಎಂದು ಬರೆದಿದ್ದಾರೋ ಇಲ್ಲವೋ ಎಂದು ನರ್ಸಮ್ಮನನ್ನು ಎರಡು ಸಲ ಕೇಳಿದೆ. ಮೂರನೇ ಸಲಕ್ಕೆ ಅವಳೇ ಹಾಳೆ ತಂದು ತೋರಿಸಿಹೋದಳು.

ಭಾನುವಾರದ ಮಾತಿಗೆ ಬರುತ್ತೇನೆ. ಮೇಷ್ಟ್ರು ಎಷ್ಟು ಖುಷಿಯಲ್ಲಿದ್ದರು ಗೊತ್ತಾ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಫೋನಿನ ಮುಂದೆ ನಿಂತು ನಿನಗೆ ಊದಿದರು. ನೀನು ಮೊದಲೆರಡು ಸಾಲಿಗೆ ಅತ್ತೆ, ಇಲ್ಲಿಗೆ ಕೇಳಿಸಿತು. ಮೂರನೆಯದು ಮುಗಿದಾಗ ನಿನ್ನ ಅಳು ನಿಂತಿತು. ನೀನು ಕೇಳಿದೆ, “ಅಮ್ಮ, ಅಲ್ಲಿ ಕೊನೆಗೆ ಮೇಲೆ ಹೋಗ್ಬೇಕಲ್ವಾ? ಇದು ಕೆಳಗಿಳೀತಲ್ಲ.”

ಇಲ್ಲ, ಇಳಿಯುವುದೇ ಸರಿ ಎಂದೆ ನಾನು. ನೀನು ಗುನುಗಿ ತೋರಿಸಿದೆ. ನಿನ್ನ ತೊಡೆ ಮೇಲೆ ಮಲಗಿ ಎಷ್ಟು ಸಲ ಕೇಳಿದ್ದೇನಮ್ಮ, ಅಲ್ಲಿಗೆ ಬಂದಾಗ ನಿನ್ನ ಕೈ ನನ್ನ ಬೆನ್ನ ಮೇಲೆ ನಿಲ್ಲುತ್ತಿತ್ತು, ಅದು ಹೇಗೆ ಮರೆಯಲಿ ಎಂದೆ ನೀನು. ನನ್ನ ಹಾಡು ನನಗೆ ಗೊತ್ತಿಲ್ಲವಾ ಎಂದು ನಾನು ಗದರಿ ಫೋನಿಟ್ಟೆ. ಮೇಷ್ಟ್ರು ಕ್ಲಾರಿನೆಟ್ಟನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತಿದ್ದರು. “ಎರಡೂ ಸರಿಯಾಗೇ ಕೇಳತ್ತೆ. ಯಾವುದು ಬೇಕು ಅಂತ ನೀವು ಹೇಳ್ಬೇಕು,” ಎಂದರು ಅಷ್ಟೇ.

ಹಾಳೆಯನ್ನು ಇದರ ಜೊತೆ ಮಡಿಸಿಡುತ್ತಿದ್ದೇನೆ. ಮಡಿಕೆ ಚುಕ್ಕಿಯ ಮೇಲೆ ಬರದ ಹಾಗೆ ನೋಡಿದ್ದೇನೆ. ನೀನು ಓದಬಲ್ಲೆ, ಶಾಲೆಯಲ್ಲಿ ಕಲಿತವಳು. ಸುಖವಾಗಿ ಹೆರಿಗೆಯಾಗಲಿ. ಮಗು ಕೈಕಾಲು ಗಟ್ಟಿಯಾಗಿ ಬರಲಿ, ನಿನ್ನ ನಿದ್ದೆ ಕೆಡಿಸುವಷ್ಟು ಜೋರು ದನಿ ಇರಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು, ಸ್ಕೂಟರನ್ನು ನಿಧಾನ ಓಡಿಸಲು ಹೇಳು.

ನಿನ್ನ ಒಳಿತನ್ನೇ ಬಯಸುವ
ಅಮ್ಮ

ಮತ್ತೆ: ಇದನ್ನು ಬಾಯಲ್ಲಿ ಹೇಳಲು ಇಷ್ಟು ವರ್ಷ ಆಗಲಿಲ್ಲ, ನಾಳೆಯ ನಂತರ ದನಿ ಇಲ್ಲ ಎಂಬ ನೆಪ ಬೇರೆ ಸಿಗುತ್ತದೆ. ಅದಕ್ಕೇ ಈಗಲೇ ಬರೆಯುತ್ತೇನೆ. ನೀನು ಮಲಗಿ ಹಾಡು ಕೇಳಿದ ಆ ತೊಡೆ ನನ್ನದಲ್ಲ, ಗುಬ್ಬಿ. ನಿಮ್ಮ ದೊಡ್ಡಮ್ಮನದು, ನನ್ನ ಅಕ್ಕನದು. ನಿಮ್ಮಪ್ಪ ತೀರಿಕೊಂಡ ಮೇಲೆ ನಿನ್ನನ್ನು ಅವಳ ಹತ್ತಿರ ಕೆಲವು ತಿಂಗಳು ಬಿಟ್ಟಿದ್ದೆ ಎಂದು ಹೇಳಿದ್ದೇನಲ್ಲ, ಕೆಲವು ತಿಂಗಳಲ್ಲ, ಎರಡೂವರೆ ವರ್ಷ. ಬೇರೆ ಊರಿನಲ್ಲಿ ಒಬ್ಬರ ಮಗುವನ್ನು ನೋಡಿಕೊಳ್ಳುವ ಕೆಲಸ. ನಮ್ಮಮ್ಮನ ಹಾಡನ್ನು ದಿನಾ ಆ ಮಗುವಿಗೆ ಹಾಡಿ ಮಲಗಿಸುತ್ತಿದ್ದೆ. ನೀನು ನಾಲ್ಕು ತುಂಬಿದವಳು, ನಾನು ವಾಪಸು ಬಂದು ನಿನ್ನನ್ನು ಮಲಗಿಸಲು ಕೂತೆ. ಮೂರನೇ ಸಾಲಿನ ಕೊನೆಗೆ ಬರುತ್ತಲೇ ನೀನು ನನ್ನ ಬಾಯಿಗೆ ಕೈ ಅಡ್ಡ ಇಟ್ಟು “ಹಂಗಲ್ಲ” ಎಂದೆ. ನೀನು ಎದ್ದು ದೊಡ್ಡಮ್ಮನ ಹತ್ತಿರ ಹೋದೆ. ಅಕ್ಕ ಅಲ್ಲಿ ಮೇಲಕ್ಕೇ ಹೋಗುತ್ತಿದ್ದಳು, ನಮ್ಮಮ್ಮ ಎಷ್ಟು ತಿದ್ದಿದರೂ ಅವಳಿಗೆ ಹಾಗೇ. ಆಮೇಲೆ ನಾನು ನಿನಗೆ ಹಾಡಲೇ ಇಲ್ಲ. ಅಕ್ಕ ತೀರಿಹೋದ ಮೇಲೆ ನೀನು ಎಲ್ಲವನ್ನೂ ನನ್ನ ಹೆಸರಿಗೆ ಬರೆದುಕೊಂಡೆ. ನಾನು ಸುಮ್ಮನಿದ್ದೆ.

ಮಗು ಕೇಳಬೇಕಾದ್ದು ನೀನು ಕೇಳಿದ್ದನ್ನು. ಮೂರನೇ ಸಾಲಿನ ಕೊನೆಯ ಮೂರು ಚುಕ್ಕಿ ಅಳಿಸಿ, ಮೇಲೆ ಹೋಗುವ ಹಾಗೆ ಪೆನ್ಸಿಲಿನಲ್ಲಿ ಇಟ್ಟಿದ್ದೇನೆ. ಆ ಮೂರರಲ್ಲಿ ಮೊದಲೆರಡು ಸರಿಯಿರಬೇಕು. ಕೊನೆಯದು ಎಷ್ಟು ಎತ್ತರವೋ ನನಗೆ ಗೊತ್ತಿಲ್ಲ. ನೀನೊಮ್ಮೆ ನಿಧಾನವಾಗಿ ಗುನುಗಿ ನೋಡಿ ತಿಳಿಸು: ಅದು ಮೂರನೇ ಗೆರೆಯ ಮೇಲೆ ಕೂರುತ್ತದೋ, ಅದರ ಮೇಲಿನ ಸಂದಿನಲ್ಲೋ?