ಕಪಾಟು ಎಂಬ ತೋಪು

ಅಡುಗೆಮನೆಯ ಮೇಜು,
ಮಾರ್ಚ್ ೧೪

ಪ್ರೀತಿಯ ಪುಟ್ಟೂ,

ಮೊದಲಿಗೆ ಒಂದು ಘನವಾದ ಪ್ರಕಟಣೆ: ನಿನ್ನೆ ಕಾಫಿ ಹೊತ್ತಿಗೆ, ನಮ್ಮ ಹಜಾರದಲ್ಲಿ, ನಿಮ್ಮಪ್ಪ ಶತ್ರುಗಳ ಸರಕು ಹಡಗೊಂದನ್ನು ಮುಳುಗಿಸಿದರು. ನಮ್ಮ ಕಡೆಯ ನಷ್ಟ, ಒಂದು ಗಾಜಿನ ಲೋಟ.

ನೀನು ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ ತಾನೇ? ಹೂಂ ಅಂದೆ ಅಂದುಕೊಂಡು ಮುಂದುವರಿಸುತ್ತೇನೆ.

ಅಪ್ಪನ ಬಲಭುಜ ಹಿಡಿದುಕೊಂಡದ್ದು, ವ್ಯಾಯಾಮ ಮಾಡದಿದ್ದರೆ ತೋಳು ಹಾಗೇ ಉಳಿದೀತು ಎಂದು ಡಾಕ್ಟರಮ್ಮ ಹೆದರಿಸಿದ್ದು ನಿನಗೆ ಗೊತ್ತು. ಇವರೋ, "ಗಾಳೀಲಿ ಕೈ ಬೀಸ್ಕೊಂಡು ನಿಂತ್ಕೊಳ್ಳೋಕೆ ನಾನೇನು ಬೆದರುಬೊಂಬೆನಾ?" ಎಂದು ಕೂತುಬಿಟ್ಟಿದ್ದರು. ಹೊತ್ತು ಹೋಗಲೆಂದು ನೀನು ಕಳಿಸಿದ ಸಬ್‌ಮೆರೀನ್ ಆಟ ಕಂಪ್ಯೂಟರಿನಲ್ಲಿ ಹಾಕಿಕೊಟ್ಟೆ. ಶುರುವಾಯಿತು ನೋಡು ತಕರಾರು! ಹರೆಯದಲ್ಲಿ ಸಬ್‌ಮೆರೀನಿನ ಡೆಕ್ ಮೇಲೆ ನಿಂತು ತೋಪಿಗೆ ಗುಂಡು ತುಂಬಿದ ಆಸಾಮಿಯಲ್ಲವೇ? ಆಟದ ತೋಪು ಬಿರುಗಾಳಿಯಲ್ಲೂ ಗುರಿ ತಪ್ಪುವುದಿಲ್ಲವಂತೆ. ನಿಜದ್ದಾದರೆ ಜಾರುವ ಡೆಕ್, ಮೊಣಕಾಲೆತ್ತರ ಅಲೆ, ಸೊಂಟಕ್ಕೆ ಹಗ್ಗ. ಹೊರಳಾಡುವ ದೋಣಿ ನೆಟ್ಟಗಾಗುವ ಗಳಿಗೆಗೆ ಕಾದು ಹೊಡೆಯಬೇಕಂತೆ. ಎಲ್ಲಕ್ಕಿಂತ ಸಿಟ್ಟು ಬಂದದ್ದು ಆಟದ ತೋಪು ತಾನೇ ಗುಂಡು ತುಂಬಿಕೊಂಡಿದ್ದಕ್ಕೆ. "ಹಾಗಾದ್ರೆ ನಾವು ಕೆಳಗಿಂದ ಕೈಯಿಂದ ಕೈಗೆ ಗುಂಡು ದಾಟಿಸಿದ್ದು ಏನು, ಶೋಕಿಗಾ?"

ಅಂದಿನಿಂದ ನಮ್ಮ ಮನೆಯಲ್ಲಿ ಗುಂಡು ತುಂಬದೆ ಮೌಸ್ ಒತ್ತುವಂತಿಲ್ಲ. ಹಜಾರದ ಕಪಾಟೇ ತೋಪು. ನಾನು ಅಡುಗೆಮನೆಯಿಂದ ನೀರು ತುಂಬಿದ ಬಾಟಲಿ ದಾಟಿಸಬೇಕು; ಅವರು ಅದನ್ನು ಬಲಗೈಯಲ್ಲೇ ಎತ್ತಿ ಕಪಾಟಿನ ಹಲಗೆಗೇರಿಸಿ, "ಗುಂಡು ರೆಡಿ!" ಎಂದು ಕೂಗಿ, ಆಮೇಲೆ ಒತ್ತಬೇಕು. ತಡವಾದರೆ ನನಗೇ ಗದರಿಕೆ: "ಬೇಗ ಕಣೇ, ಶತ್ರು ಕಾಯ್ತಾನಾ?" ಒಲೆ ಮೇಲೆ ಹಾಲಿದೆ, ಶತ್ರೂಗೆ ಸ್ವಲ್ಪ ಕೂತ್ಕೊಳ್ಳೋಕೆ ಹೇಳಿ ಅಂದೆ. ಮೊದಮೊದಲು ಕೆಳಗಿನ ಹಲಗೆಗೇ ಮುಖ ಕಿವುಚುತ್ತಿದ್ದವರು ಈಗ ಭುಜದೆತ್ತರ ದಾಟಿದ್ದಾರೆ ಕಣೋ! ಬಾಟಲಿ ತಗುಲಿ ಆ ಲೋಟ ಬಿದ್ದದ್ದೂ ಆ ಎತ್ತರದ ಹಲಗೆಯಿಂದಲೇ. ಅದು ಬಿದ್ದ ಸದ್ದು ನನ್ನ ಕಿವಿಗೆ ಇಂಪಾಗಿತ್ತು.

ಮೊನ್ನೆ ಡಾಕ್ಟರಮ್ಮ ತೋಳೆತ್ತಿಸಿ ನೋಡಿ, "ವ್ಯಾಯಾಮ ಚೆನ್ನಾಗಿ ಮಾಡಿದ್ದೀರಿ" ಅಂದರೆ, ಇವರು "ನಾನಾ? ಒಂದು ದಿನಾನೂ ಇಲ್ಲ!" ಎಂದು ಎದೆಯುಬ್ಬಿಸಿದರು. ನನಗೆ ಬಂದ ನಗುವನ್ನು ಕೆಮ್ಮು ಎಂದು ಸಾಧಿಸಬೇಕಾಯಿತು. ನೀನೂ ಫೋನಿನಲ್ಲಿ ಬಾಯಿ ಬಿಡಬೇಡ.

ಸದಾ ನಗುನಗುತ್ತಾ ಇರು ಮಗನೇ.

ನಿನ್ನ ಅಮ್ಮ
(ಗುಂಡು ಸಾಗಣೆ ವಿಭಾಗ)

ತಾ.ಕ.: ಆಟದಲ್ಲಿ ಶತ್ರು ಹಡಗುಗಳು ಮುಗಿಯುತ್ತಾ ಬಂದಿವೆ, ಕಪಾಟಿನ ಮೇಲಿನ ಹಲಗೆ ಇನ್ನೂ ಬಾಕಿ ಇದೆ. ಬೇಗ ಇನ್ನಷ್ಟು ಹಡಗು ಕಳಿಸಪ್ಪಾ. ನಿಧಾನಕ್ಕೆ ಮುಳುಗುವಂಥವು.